150ಕ್ಕೆ ಪಾಸು, 199ಕ್ಕೆ ಫೇಲು: ಸಿಎ ಪರೀಕ್ಷೆಯ ಒಳಲೆಕ್ಕ

ಸಿಎ ಇಂಟರ್‌ಮೀಡಿಯೆಟ್ ಪರೀಕ್ಷೆಯ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗುವ ದಾರಿಯ ಎರಡನೇ ಹಂತದ, ಒಂದನೇ ಗ್ರೂಪನ್ನು ಒಟ್ಟಿಗೇ ಬರೆದ ಇಬ್ಬರ ಅಂಕಪಟ್ಟಿಗಳನ್ನು ಊಹಿಸಿಕೊಳ್ಳೋಣ. ಅಕ್ಕನಿಗೆ ತಲಾ ನೂರು ಅಂಕಗಳ ಮೂರು ಪತ್ರಿಕೆಗಳಲ್ಲಿ 40, 40 ಮತ್ತು 70, ಒಟ್ಟು 150. ತಮ್ಮನಿಗೆ 80, 80 ಮತ್ತು 39, ಒಟ್ಟು 199. ಅಕ್ಕ ಪಾಸು, ತಮ್ಮ ಫೇಲು. ಮನೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭವಲ್ಲ. ಹೇಳಿದರೂ ಎಲ್ಲೋ ತಪ್ಪಾಗಿರಬೇಕು ಎಂಬ ಅನುಮಾನ ಅವರಲ್ಲಿ ಉಳಿಯುತ್ತದೆ. ತಪ್ಪೇನೂ ಆಗಿಲ್ಲ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ಗ್ರೂಪಿನ ಒಟ್ಟು ಮೊತ್ತದಲ್ಲಿ ಕನಿಷ್ಠ ಶೇ. 50 ಎಂಬ ಎರಡು ಷರತ್ತುಗಳು ಒಟ್ಟಿಗೇ ಈಡೇರಬೇಕು ಎಂಬುದು ನಿಯಮ, ಮತ್ತು ಈ ಪರೀಕ್ಷೆಗೆ ಓದುವ ಕ್ರಮವೆಲ್ಲ ಈ ಎರಡು ಅಂಕಿಗಳಿಂದಲೇ ಹುಟ್ಟಬೇಕು. ಪಠ್ಯವನ್ನು ಎಷ್ಟು ಬಲ್ಲೆ ಎಂಬುದಕ್ಕಿಂತ, ಬಲ್ಲದ್ದನ್ನು ಪತ್ರಿಕೆಗೆ ಮೂರು ಗಂಟೆಯಂತೆ ಎಲ್ಲ ಪತ್ರಿಕೆಗಳಿಗೂ ಎಷ್ಟು ಸಮನಾಗಿ ಹಂಚಿ ಬರೆಯಬಲ್ಲೆ ಎಂಬುದನ್ನೇ ಇದು ಹೆಚ್ಚಾಗಿ ಅಳೆಯುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಸಿಎ ಪರೀಕ್ಷೆ ಸ್ಪರ್ಧಾತ್ಮಕ ಪರೀಕ್ಷೆಯಲ್ಲ. ಕೆಎಎಸ್ ಪರೀಕ್ಷೆಗೋ ಬ್ಯಾಂಕ್ ನೇಮಕಾತಿಗೋ ಇರುವಂತೆ ಇಲ್ಲಿ ಇಂತಿಷ್ಟು ಹುದ್ದೆ, ಇಂತಿಷ್ಟು ಸೀಟು ಎಂಬುದಿಲ್ಲ. ಪಕ್ಕದಲ್ಲಿ ಕೂತವರು ಚೆನ್ನಾಗಿ ಬರೆದರೆ ನಮ್ಮ ಅವಕಾಶ ಕುಗ್ಗುವುದಿಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಅಡಿಯಲ್ಲಿ ಆ ವರ್ಷದ ಜುಲೈ 1ರಂದು ಅಸ್ತಿತ್ವಕ್ಕೆ ಬಂದ ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆ, ಅಂದರೆ ಐಸಿಎಐ, ಕಂಪನಿಯೊಂದರ ಲೆಕ್ಕಪತ್ರಗಳ ಮೇಲೆ ಸಹಿ ಹಾಕಲು ಯಾರು ಅರ್ಹರು ಎಂಬುದನ್ನು ಈ ಪರೀಕ್ಷೆಯ ಮೂಲಕ ನಿರ್ಧರಿಸುತ್ತದೆ. ಆ ಸಹಿಯನ್ನು ನಂಬಿ ಬ್ಯಾಂಕು ಸಾಲ ಕೊಡುತ್ತದೆ, ಜನ ಷೇರು ಕೊಳ್ಳುತ್ತಾರೆ. ಎರಡು ವಿಷಯಗಳಲ್ಲಿ ಪ್ರಚಂಡನಾಗಿದ್ದು ಮೂರನೆಯದನ್ನು ಅರಿಯದವನ ಸಹಿ ಅಪಾಯಕಾರಿ ಎಂಬ ಎಣಿಕೆಯೇ 40ರ ಷರತ್ತಿನ ಹಿಂದೆ ಇದೆ ಎಂದು ನನಗೆ ತೋರುತ್ತದೆ. ಹಾಗೆ ನೋಡಿದರೆ ತಮ್ಮನ 199 ಅಷ್ಟೇನೂ ಅನ್ಯಾಯವಲ್ಲ.

ಆದರೂ ಪಾಸಾಗುವವರು ಕಡಿಮೆ ಎಂಬುದು ನಿಜ. ಫೈನಲ್ ಪರೀಕ್ಷೆಯ ಎರಡೂ ಗ್ರೂಪುಗಳನ್ನು ಒಟ್ಟಿಗೆ ಬರೆದವರ ಪೈಕಿ ಎರಡನ್ನೂ ಗೆದ್ದವರು 2023ರ ನವೆಂಬರ್‌ನಲ್ಲಿ ಶೇ. 9.42, 2024ರ ಮೇ ತಿಂಗಳಲ್ಲಿ ಶೇ. 19.88, 2025ರ ಮೇ ತಿಂಗಳಲ್ಲಿ ಶೇ. 18.75. ಹತ್ತರಲ್ಲಿ ಎಂಟು ಮಂದಿ ದಡ್ಡರು ಎಂದು ಇದರ ಅರ್ಥವಲ್ಲ. ಆರು ಪತ್ರಿಕೆಗಳಲ್ಲಿ ಒಂದೊಂದರಲ್ಲೂ 40 ದಾಟಬೇಕೆಂದರೆ ಆರು ಬಾಗಿಲುಗಳು, ಮೊತ್ತದ ಷರತ್ತು ಏಳನೆಯದು. ಒಂದು ಬಾಗಿಲು ಮುಚ್ಚಿದರೂ ಉಳಿದವು ತೆರೆದಿದ್ದು ಆ ಬಾರಿ ಪ್ರಯೋಜನವಿಲ್ಲ.

2023ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ಮೂರು ಹಂತಗಳಿವೆ. ಪಿಯುಸಿ ಮುಗಿಸಿದವರು ನಾಲ್ಕು ಪತ್ರಿಕೆಗಳ ಫೌಂಡೇಶನ್ ಬರೆಯುತ್ತಾರೆ. ವಾಣಿಜ್ಯ ಪದವಿಯಲ್ಲಿ ಶೇ. 55, ಬೇರೆ ಪದವಿಯಲ್ಲಿ ಶೇ. 60 ಪಡೆದವರು ಅದನ್ನು ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಇಂಟರ್‌ಮೀಡಿಯೆಟ್‌ನಲ್ಲಿ ಮೂರು ಮೂರು ಪತ್ರಿಕೆಗಳ ಎರಡು ಗ್ರೂಪುಗಳು. ಎರಡನ್ನೂ ಗೆದ್ದ ಮೇಲೆ ವೃತ್ತಿನಿರತ ಸಿಎ ಒಬ್ಬರ ಬಳಿ ಕೆಲಸ ಕಲಿಯುವ ಎರಡು ವರ್ಷದ ತರಬೇತಿ, ಅಂದರೆ ಆರ್ಟಿಕಲ್‌ಶಿಪ್, ಅದು ಮುಗಿದು ಆರು ತಿಂಗಳ ಬಳಿಕ ಫೈನಲ್, ಅಲ್ಲಿಯೂ ಆರು ಪತ್ರಿಕೆ, ಎರಡು ಗ್ರೂಪು. ನಡುವೆ ಕಂಪ್ಯೂಟರ್ ತರಬೇತಿ, ಸ್ವಂತ ವೇಗದಲ್ಲಿ ಕಲಿತು ಆನ್‌ಲೈನ್‌ನಲ್ಲಿ ಪರೀಕ್ಷೆ ಕೊಡುವ ನಾಲ್ಕು ಮಾಡ್ಯೂಲುಗಳು ಇತ್ಯಾದಿ ಇವೆ. ಅವು ಯಾರನ್ನೂ ಹೆಚ್ಚು ಕಾಡುವುದಿಲ್ಲ.

ಕಾಡುವುದು ಗ್ರೂಪಿನ ಲೆಕ್ಕ. ತಮ್ಮನ ಅಂಕಪಟ್ಟಿಗೆ ಮರಳೋಣ. ಗ್ರೂಪಿನ ಎಲ್ಲ ಪತ್ರಿಕೆಗಳನ್ನೂ ಬರೆದು, ಗ್ರೂಪಿನಲ್ಲಿ ಫೇಲಾಗಿ, ಯಾವುದಾದರೂ ಪತ್ರಿಕೆಯಲ್ಲಿ 60 ಅಥವಾ ಹೆಚ್ಚು ಪಡೆದರೆ ಆ ಪತ್ರಿಕೆಗೆ ಮುಂದಿನ ಮೂರು ಪರೀಕ್ಷೆಗಳವರೆಗೆ ವಿನಾಯಿತಿ ಸಿಗುತ್ತದೆ. ವಿದ್ಯಾರ್ಥಿಗಳ ಬಾಯಲ್ಲಿ ಇದು ಎಕ್ಸೆಂಪ್ಷನ್. ಆ ಅಂಕಗಳು ಮೊತ್ತದ ಲೆಕ್ಕಕ್ಕೂ ಸೇರುತ್ತವೆ. ಹಾಗಾಗಿ ತಮ್ಮನಿಗೆ ಎರಡು 80ಗಳು ಕೈಯಲ್ಲಿವೆ. ಮುಂದಿನ ಬಾರಿ ಅವನು ಮೂರನೆಯ ಪತ್ರಿಕೆಯೊಂದನ್ನೇ ಬರೆದು 40 ತೆಗೆದರೆ ಸಾಕು. ನಿಜವಾಗಿ ಮರುಕಪಡಬೇಕಾದದ್ದು ಅವನಿಗಲ್ಲ, 48, 50, 50 ಪಡೆದು 148ಕ್ಕೆ ನಿಂತವನಿಗೆ. ಅವನು ಎಲ್ಲ ಪತ್ರಿಕೆಯನ್ನೂ ದಾಟಿದ್ದಾನೆ, ಮೊತ್ತದಲ್ಲಿ ಎರಡೇ ಅಂಕ ಸೋತಿದ್ದಾನೆ, ಮತ್ತು ಅವನ ಕೈಯಲ್ಲಿ ಏನೂ ಉಳಿದಿಲ್ಲ. ಮೂರನ್ನೂ ಮೊದಲಿಂದ ಬರೆಯಬೇಕು. ಅದೇ 148, 60, 44, 44 ಎಂದು ಬಂದಿದ್ದರೆ ಒಂದು ಪತ್ರಿಕೆಯ ಹೊರೆಯಾದರೂ ಇಳಿಯುತ್ತಿತ್ತು. ಈ ಕಾರಣದಿಂದಲೇ ಅನುಭವಿಗಳು ಪ್ರತಿ ಗ್ರೂಪಿನಲ್ಲಿ ತಮಗೆ ಒಗ್ಗುವ ಒಂದು ಪತ್ರಿಕೆಯನ್ನಾದರೂ 60 ದಾಟಿಸುವ ಗುರಿಯಿಂದ ಸಿದ್ಧಮಾಡಿಕೊಳ್ಳುತ್ತಾರೆ: ಗೆದ್ದರೆ ಅದು ಮೊತ್ತವನ್ನು ಎತ್ತಿಹಿಡಿಯುತ್ತದೆ, ಸೋತರೆ ಎಕ್ಸೆಂಪ್ಷನ್ ಆಗಿ ಉಳಿಯುತ್ತದೆ. ಮೂರು ಅವಕಾಶ ಮುಗಿದ ಮೇಲೂ ವಿನಾಯಿತಿಯನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಆಯ್ಕೆ ಹೊಸ ಕ್ರಮದಲ್ಲಿ ಇದೆ, ಆದರೆ ಆಗ ಆ ಗ್ರೂಪಿನ ಉಳಿದ ಪತ್ರಿಕೆಗಳಲ್ಲಿ ಒಂದೊಂದರಲ್ಲೂ 40ರ ಬದಲು 50 ತೆಗೆಯಬೇಕಾಗುತ್ತದೆ.

ಒಂದು ಗ್ರೂಪೋ ಎರಡೂ ಗ್ರೂಪೋ ಎಂಬ ಪ್ರಶ್ನೆಗೂ ಉತ್ತರ ಈ ಲೆಕ್ಕದಲ್ಲೇ ಅಡಗಿದೆ. ಎರಡನ್ನೂ ಒಂದೇ ಬಾರಿಗೆ ಬರೆದವರಿಗೆ, ಆರೂ ಪತ್ರಿಕೆಗಳಲ್ಲಿ 40 ಬಂದಿದ್ದು ಆರರ ಒಟ್ಟು ಮೊತ್ತ 300 ಮುಟ್ಟಿದರೆ, ಗ್ರೂಪು ಗ್ರೂಪಿಗೆ ಬೇರೆಯಾಗಿ 150 ಬರಲೇಬೇಕೆಂದಿಲ್ಲ. ಒಂದನೇ ಗ್ರೂಪಿನಲ್ಲಿ 162, ಎರಡನೆಯದರಲ್ಲಿ 140 ಬಂದವರು ಒಟ್ಟು 302ರಿಂದ ಎರಡನ್ನೂ ಪಾಸು ಮಾಡುತ್ತಾರೆ; ಎರಡನೇ ಗ್ರೂಪನ್ನು ಪ್ರತ್ಯೇಕವಾಗಿ ಬರೆದು ಅದೇ 140 ತೆಗೆದವರು ಫೇಲಾಗುತ್ತಾರೆ. ಇದು ದೊಡ್ಡ ಅನುಕೂಲ. ಆದರೆ ಆರು ಪತ್ರಿಕೆಗಳನ್ನು ಅರೆಬರೆ ಓದಿಕೊಂಡು ಈ ಅನುಕೂಲವನ್ನೇ ನಂಬಿ ಹೋದವರು ಆರರಲ್ಲೂ 35ರಿಂದ 45ರ ನಡುವೆ ತೂಗಾಡುತ್ತಾರೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ಆರೂ ಪತ್ರಿಕೆಗಳ ಮೊದಲ ಓದು ಮುಗಿದಿಲ್ಲವೆಂದರೆ ಒಂದು ಗ್ರೂಪಿಗೆ ಇಳಿಯುವುದೇ ವಿವೇಕ ಎಂಬುದು ನನ್ನ ಅಭಿಪ್ರಾಯ. ಈಗ ವರ್ಷಕ್ಕೆ ಮೂರು ಬಾರಿ ಪರೀಕ್ಷೆ ನಡೆಯುವುದರಿಂದ ಉಳಿದ ಗ್ರೂಪಿಗೆ ಕಾಯಬೇಕಾದ ಅವಧಿ ಮೊದಲಿನಂತೆ ಆರು ತಿಂಗಳಲ್ಲ, ಸುಮಾರು ನಾಲ್ಕು ತಿಂಗಳು.

ಬಹು ಆಯ್ಕೆಯ ಪ್ರಶ್ನೆಗಳಿಗೂ ತಮ್ಮದೇ ಲೆಕ್ಕವಿದೆ. ಫೌಂಡೇಶನ್‌ನ ಮೂರನೆಯ ಮತ್ತು ನಾಲ್ಕನೆಯ ಪತ್ರಿಕೆಗಳು ಪೂರ್ತಿ ಈ ಬಗೆಯವು, ಮತ್ತು ಅಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಒಂದೊಂದು ಅಂಕದ 16 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 4 ಸರಿ, 12 ತಪ್ಪು. 4 ಅಂಕ ಬಂದು 3 ಅಂಕ ಹೋಗಿ ಉಳಿಯುವುದು ಒಂದು. ಇಷ್ಟಕ್ಕಾಗಿ ಜೂಜಾಡುವುದರಲ್ಲಿ ಅರ್ಥವಿಲ್ಲ. ಆದರೆ ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ಅಲ್ಲ ಎಂದು ಗೊತ್ತಿದ್ದರೆ, ಅಂಥ 8 ಪ್ರಶ್ನೆಗಳಲ್ಲಿ ಸರಾಸರಿ 4 ಸರಿಯಾಗಿ 3 ಅಂಕ ಕೈಗೆ ಬರುತ್ತದೆ. ಆಗ ಬಿಟ್ಟುಬರುವುದೇ ನಷ್ಟ. ಇಂಟರ್‌ಮೀಡಿಯೆಟ್ ಮತ್ತು ಫೈನಲ್‌ನಲ್ಲಿ (ಫೈನಲ್‌ನ ಕೊನೆಯ ಪತ್ರಿಕೆಯೊಂದನ್ನು ಬಿಟ್ಟು) ನೂರಕ್ಕೆ 30 ಅಂಕಗಳು ಈ ಬಗೆಯ ಪ್ರಶ್ನೆಗಳಿಗೆ ಮೀಸಲು, ಅಲ್ಲಿ ಕಡಿತವಿಲ್ಲ. ಕಡಿತವಿಲ್ಲದ ಕಡೆ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು ಎಂಬುದು ಹೇಳಬೇಕಾಗಿಯೇ ಇಲ್ಲದ ಮಾತು, ಆದರೂ ಗಡಿಬಿಡಿಯಲ್ಲಿ ಬಿಟ್ಟುಬರುವವರಿದ್ದಾರೆ.

ಉಳಿದ 70 ಅಂಕಗಳಿಗೆ ಕೈಯಿಂದ ಬರೆಯಬೇಕು, ಮತ್ತು ಬಹುಪಾಲು ಸೋಲು ಅಲ್ಲಿಯೇ ಸಂಭವಿಸುತ್ತದೆ. ಮೂರು ಗಂಟೆಯೆಂದರೆ 180 ನಿಮಿಷ. ಒಂದು ಅಂಕಕ್ಕೆ 1.8 ನಿಮಿಷ. 14 ಅಂಕದ ಪ್ರಶ್ನೆಗೆ 25 ನಿಮಿಷ, 5 ಅಂಕದ್ದಕ್ಕೆ 9 ನಿಮಿಷ. ಗೊತ್ತಿರುವ ಪ್ರಶ್ನೆ ಸಿಕ್ಕಿತೆಂದು 14 ಅಂಕದ್ದಕ್ಕೆ 45 ನಿಮಿಷ ಸುರಿದರೆ ಅದರಿಂದ ಹೆಚ್ಚುವುದು ಎರಡೋ ಮೂರೋ ಅಂಕ, ಆದರೆ ಕೊನೆಯಲ್ಲಿ ಮುಟ್ಟದೆ ಉಳಿಯುವ ಪ್ರಶ್ನೆಯಿಂದ ಹೋಗುವುದು ಹತ್ತರ ಆಸುಪಾಸು. ಪರೀಕ್ಷೆಗೆ ಮುಂಚಿನ 15 ನಿಮಿಷ ಪ್ರಶ್ನೆಪತ್ರಿಕೆಯನ್ನು ಓದಲೆಂದೇ ಕೊಡುವುದು. ಆ ಹೊತ್ತಿನಲ್ಲಿ ಬಿಡಬೇಕಾದ ಪ್ರಶ್ನೆ ಯಾವುದೆಂದು ನಿರ್ಧರಿಸಿಬಿಟ್ಟವರು ಬರೆಯುತ್ತಾ ಬರೆಯುತ್ತಾ ಮನಸ್ಸು ಬದಲಿಸುವುದಿಲ್ಲ.

ಹೇಗೆ ಬರೆಯಬೇಕು ಎಂಬುದಕ್ಕೆ ಫೌಂಡೇಶನ್ ಮಟ್ಟದ ಒಂದು ಉದಾಹರಣೆಯನ್ನೇ ನೋಡೋಣ. 17 ವರ್ಷದ ಹುಡುಗನೊಬ್ಬ ತನ್ನ ಮನೆಯನ್ನು ಅಡವಿಟ್ಟು ಸಾಲ ಪಡೆದಿದ್ದಾನೆ. ಸಾಲ ಕೊಟ್ಟವನು ಆ ಅಡಮಾನವನ್ನು ಜಾರಿಗೊಳಿಸಬಹುದೇ ಎಂಬುದು ಪ್ರಶ್ನೆ ಎಂದಿಟ್ಟುಕೊಳ್ಳಿ. ‘ಅವನು ಅಪ್ರಾಪ್ತ, ಆದ್ದರಿಂದ ಸಾಧ್ಯವಿಲ್ಲ’ ಎಂದು ಒಂದೇ ಸಾಲು ಬರೆದವನಿಗೂ ಕಾನೂನು ಗೊತ್ತಿದೆ, ಆದರೆ ಅವನ ಉತ್ತರಕ್ಕೆ ಸಿಗುವುದು ಕೊನೆಯ ಹಂತದ ಅಂಕ ಮಾತ್ರ. ಮೊದಲು ಕಾನೂನು: 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಪ್ತವಯಸ್ಕರು ಮಾತ್ರ ಕರಾರು ಮಾಡಿಕೊಳ್ಳಲು ಸಮರ್ಥರು, ಅಪ್ರಾಪ್ತನ ಕರಾರು ಆರಂಭದಿಂದಲೇ ಶೂನ್ಯ ಎಂದು ಮೋಹೋರಿ ಬೀಬಿ ವಿರುದ್ಧ ಧರ್ಮದಾಸ್ ಘೋಷ್ ಮೊಕದ್ದಮೆಯಲ್ಲಿ 1903ರಲ್ಲಿ ಬ್ರಿಟಿಷ್ ಆಳ್ವಿಕೆಯ ಅತ್ಯುನ್ನತ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದೆ. ಆಮೇಲೆ ಸಂಗತಿ: ಇಲ್ಲಿ ಹುಡುಗನ ವಯಸ್ಸು 17, ಪತ್ರ ಬರೆದುಕೊಟ್ಟ ದಿನ ಅವನು ಅಪ್ರಾಪ್ತ. ಆಮೇಲೆ ಎರಡನ್ನೂ ಜೋಡಿಸುವ ವಾಕ್ಯ: ಶೂನ್ಯವಾದ ಕರಾರಿನ ಆಧಾರದ ಮೇಲೆ ನಿಂತ ಅಡಮಾನಕ್ಕೆ ಬಲವಿಲ್ಲ, ಅವನು ಪ್ರಾಪ್ತನಾದ ಬಳಿಕ ಒಪ್ಪಿಕೊಂಡರೂ ಅದಕ್ಕೆ ಜೀವ ಬರುವುದಿಲ್ಲ. ಕೊನೆಗೆ ತೀರ್ಮಾನ: ಸಾಲ ಕೊಟ್ಟವನು ಅದನ್ನು ಜಾರಿಗೊಳಿಸುವಂತಿಲ್ಲ. ಐಸಿಎಐ ಪ್ರತಿ ಪರೀಕ್ಷೆಯ ನಂತರ ಪ್ರಕಟಿಸುವ ಸೂಚಿತ ಉತ್ತರಗಳು, ಅಂದರೆ ಸಜೆಸ್ಟೆಡ್ ಆನ್ಸರ್ಸ್, ಬಹುತೇಕ ಈ ಅಚ್ಚಿನಲ್ಲೇ ಇರುತ್ತವೆ. ಅವನ್ನು ಉತ್ತರ ತಿಳಿಯಲೆಂದು ಓದುವವರು ಅನೇಕರು. ಉತ್ತರ ಹೇಗೆ ನಿಂತಿದೆ ಎಂದು ನೋಡಲು ಓದುವವರು ವಿರಳ.

ಲೆಕ್ಕದ ಪತ್ರಿಕೆಗಳಲ್ಲಿ ಅಂಕಗಳು ಹಂತಹಂತಕ್ಕೆ ಹಂಚಿಹೋಗಿರುತ್ತವೆ. ಸವಕಳಿಯನ್ನು ಆರಂಭದಲ್ಲೇ ತಪ್ಪಾಗಿ ಹಾಕಿದವನ ಲಾಭವೂ ಅಢಾವೆ ಪತ್ರಿಕೆಯೂ (ಬ್ಯಾಲೆನ್ಸ್ ಶೀಟ್) ತಪ್ಪಾಗುತ್ತವೆ, ಆದರೆ ಆಮೇಲಿನ ಹೆಜ್ಜೆಗಳು ಕ್ರಮಬದ್ಧವಾಗಿದ್ದರೆ ಎಲ್ಲವೂ ಹೋಗುವುದಿಲ್ಲ. ಒಂದೇ ಷರತ್ತು, ಆ ಹೆಜ್ಜೆಗಳು ಕಾಗದದ ಮೇಲೆ ಕಾಣಬೇಕು. ಕ್ಯಾಲ್ಕುಲೇಟರಿನಲ್ಲಿ ಮುಗಿಸಿ ಕೊನೆಯ ಅಂಕಿಯನ್ನು ಮಾತ್ರ ಬರೆದವರ ತಪ್ಪು ಎಲ್ಲಿದೆಯೆಂದು ಮೌಲ್ಯಮಾಪಕರಿಗೆ ತಿಳಿಯುವ ದಾರಿಯೇ ಇಲ್ಲ. ವರ್ಕಿಂಗ್ ನೋಟ್ಸ್ ಎಂಬುದು ಅಲಂಕಾರವಲ್ಲ, ಉತ್ತರದ ಅಂಗ. ಅಢಾವೆ ಪತ್ರಿಕೆ ತಾಳೆಯಾಗಲಿಲ್ಲವೆಂದು ಅದರ ಹಿಂದೆಯೇ ಹದಿನೈದು ನಿಮಿಷ ಅಲೆಯುವುದು ಲೆಕ್ಕಿಗನ ಸ್ವಭಾವಕ್ಕೆ ಸಹಜ. ಪರೀಕ್ಷಾ ಕೊಠಡಿಯಲ್ಲಿ ಆ ಸ್ವಭಾವವನ್ನು ಸ್ವಲ್ಪ ಅದುಮಿಡಬೇಕು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಈ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬಹುದು. ಕಿರ್ದಿ, ಖಾತೆ, ತಾಳೆಪಟ್ಟಿ, ಸವಕಳಿ, ಪಾಲುದಾರಿಕೆ ಎಂದು ಪಿಯುಸಿಯ ಲೆಕ್ಕಶಾಸ್ತ್ರವನ್ನು ಕಲಿತವರಿಗೆ ಅಂಕಿಗಳಿರುವ ಪತ್ರಿಕೆಗಳು ಅಷ್ಟು ಕಷ್ಟವಲ್ಲ, ಹೆಸರುಗಳು ಒಂದೆರಡು ತಿಂಗಳಲ್ಲಿ ಬದಲಾಗುತ್ತವೆ. ಎಡವುವುದು ಕಾನೂನು ಮತ್ತು ಲೆಕ್ಕಪರಿಶೋಧನೆಯ ಪತ್ರಿಕೆಗಳಲ್ಲಿ, ಏಕೆಂದರೆ ಅಲ್ಲಿ ವಾಕ್ಯವೇ ಉತ್ತರ. ‘ಪ್ರೊವಿಷನ್’ ಎಂಬ ಒಂದೇ ಮಾತು ಕಾನೂನಿನ ಪುಸ್ತಕದಲ್ಲಿ ಕಾಯ್ದೆಯ ಉಪಬಂಧ, ಲೆಕ್ಕದ ಪುಸ್ತಕದಲ್ಲಿ ಮುಂದೆ ಬರಲಿರುವ ಹೊಣೆಗಾಗಿ ತೆಗೆದಿಟ್ಟ ಮೊತ್ತ. ಕಾಯ್ದೆಯಲ್ಲಿ ‘ಮೇ’ ಎಂದಿರುವುದನ್ನೂ ‘ಶಲ್’ ಎಂದಿರುವುದನ್ನೂ ಒಂದೇ ಉಸಿರಿನಲ್ಲಿ ಓದಿಕೊಂಡು ಹೋದರೆ ಇಡೀ ಉತ್ತರ ತಲೆಕೆಳಗಾಗುತ್ತದೆ. ಇಲ್ಲಿ ಕನ್ನಡವೇ ನೆರವಿಗೆ ಬರುತ್ತದೆ: ನಮ್ಮ ಸರ್ಕಾರಿ ಆದೇಶಗಳ ಭಾಷೆಯಲ್ಲಿ ‘ಮಾಡಬಹುದು’ ಮತ್ತು ‘ಮಾಡತಕ್ಕದ್ದು’ ಎಂಬ ಸ್ಪಷ್ಟ ವ್ಯತ್ಯಾಸವಿದೆ, ಓದುವಾಗ ಅಂಚಿನಲ್ಲಿ ಆ ಎರಡು ಪದಗಳನ್ನು ಬರೆದುಕೊಂಡವರು ಗೊಂದಲಕ್ಕೆ ಬೀಳುವುದಿಲ್ಲ. ಲೆಕ್ಕಪರಿಶೋಧಕ ಕೊಡುವುದು ‘ರೀಸನಬಲ್ ಅಶ್ಯೂರೆನ್ಸ್’, ಅಂದರೆ ಸಮಂಜಸವಾದ ಭರವಸೆ, ಪರಿಪೂರ್ಣ ಭರವಸೆಯಲ್ಲ ಎಂಬ ಕಲ್ಪನೆಯನ್ನು ಕನ್ನಡದಲ್ಲಿ ಅರಗಿಸಿಕೊಂಡು, ಇಂಗ್ಲಿಷಿನ ಆ ಎರಡು ಪದಗಳನ್ನು ಮಾತ್ರ ಅಕ್ಷರಶಃ ಕಂಠಪಾಠ ಮಾಡಬೇಕು. ಪರೀಕ್ಷೆ ಕೇಳುವುದು ಸೊಗಸಾದ ಇಂಗ್ಲಿಷನ್ನಲ್ಲ. ಚಿಕ್ಕ, ನೇರ ವಾಕ್ಯಗಳಲ್ಲಿ ಸರಿಯಾದ ಪಾರಿಭಾಷಿಕ ಪದ ಸರಿಯಾದ ಜಾಗದಲ್ಲಿ ಕೂತಿದ್ದರೆ ಸಾಕು. ದಿನಕ್ಕೆ ಎರಡು ಉತ್ತರಗಳನ್ನು ಪುಸ್ತಕ ಮುಚ್ಚಿ ಬರೆದು ಸೂಚಿತ ಉತ್ತರದೊಂದಿಗೆ ಹೋಲಿಸುವ ಅಭ್ಯಾಸಕ್ಕೆ ಸಮನಾದ ಉಪಾಯ ನನಗೆ ಕಂಡಿಲ್ಲ.

ಪಠ್ಯಸಾಮಗ್ರಿ ಸಿಗದು ಎಂಬ ದೂರಿಗೆ ಈಗ ಆಧಾರವಿಲ್ಲ. ಸಂಸ್ಥೆಯ ಸ್ಟಡಿ ಮೆಟೀರಿಯಲ್, ರಿವಿಷನ್ ಟೆಸ್ಟ್ ಪೇಪರ್, ಅಣಕು ಪ್ರಶ್ನೆಪತ್ರಿಕೆ, ಹಳೆಯ ಪ್ರಶ್ನೆಪತ್ರಿಕೆ ಎಲ್ಲವೂ ಅದರ ಜಾಲತಾಣದಲ್ಲಿ ಉಚಿತ. ಬೆಂಗಳೂರಿನ ವಸಂತನಗರದಲ್ಲಷ್ಟೇ ಅಲ್ಲದೆ ಮಂಗಳೂರು, ಉಡುಪಿ, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ, ಕಲಬುರಗಿಗಳಲ್ಲೂ ಸಂಸ್ಥೆಯ ಶಾಖೆಗಳಿವೆ. ಕೋಚಿಂಗ್ ಬೇಡವೆಂದು ಹೇಳಲಾರೆ. ಆದರೆ ಮೂರು ಕಡೆಯ ನೋಟ್ಸುಗಳನ್ನು ಗುಡ್ಡೆ ಹಾಕಿಕೊಂಡು ಯಾವುದನ್ನೂ ಎರಡನೇ ಬಾರಿ ಓದಲಾಗದೆ ಹೋದವರಿಗಿಂತ, ಒಂದೇ ಪುಸ್ತಕವನ್ನು ಮೂರು ಬಾರಿ ತಿರುವಿದವರು ಎಂದೂ ಮೇಲು.

ಮೂರು ಬಾರಿ ಎಂಬುದಕ್ಕೆ ಕಾರಣ ಪರೀಕ್ಷೆಯ ವೇಳಾಪಟ್ಟಿಯಲ್ಲಿದೆ. ಸಾಮಾನ್ಯವಾಗಿ ಎರಡು ಪತ್ರಿಕೆಗಳ ನಡುವೆ ಒಂದು ದಿನ ಬಿಡುವು. ಸಂಜೆ 5ಕ್ಕೆ ಒಂದು ಮುಗಿದರೆ ಮುಂದಿನದು ನಾಡಿದ್ದು ಮಧ್ಯಾಹ್ನ 2ಕ್ಕೆ. ಸಿಎ ವಿದ್ಯಾರ್ಥಿಗಳ ಆಡುಮಾತಿನಲ್ಲಿ ಇದು ‘ಒಂದೂವರೆ ದಿನ’. ಎಂಟು ತಿಂಗಳ ಓದು ಈ ಒಂದೂವರೆ ದಿನದಲ್ಲಿ ಮತ್ತೊಮ್ಮೆ ಕಣ್ಣಮುಂದೆ ಹಾದುಹೋಗುವಂತಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಮೊದಲ ಓದಿನಲ್ಲಿಯೇ ಕೊನೆಯ ಓದಿಗೆ ಬೇಕಾದದ್ದನ್ನು ಗುರುತಿಸಬೇಕು: ಪ್ರತಿ ಅಧ್ಯಾಯದಲ್ಲಿ ಮತ್ತೆ ಬಿಡಿಸಬೇಕಾದ ಎರಡು ಮೂರು ಲೆಕ್ಕಗಳು, ಪದೇ ಪದೇ ಮರೆಯುವ ಕಲಮುಗಳು, ತಾನೇ ಮಾಡಿದ ತಪ್ಪುಗಳು. ಎರಡನೇ ಓದು ಕೊನೆಯ ಒಂದೂವರೆ ತಿಂಗಳಿನದು, ಅಣಕು ಪರೀಕ್ಷೆಗಳ ಜೊತೆಗೆ. ಗೋದಾಮಿನ ಸರಕನ್ನು ಮಹತ್ವದ ಕ್ರಮದಲ್ಲಿ ಎ, ಬಿ, ಸಿ ಎಂದು ವಿಂಗಡಿಸುವ ಕಾಸ್ಟಿಂಗ್ ಪಾಠವನ್ನೇ ಅಧ್ಯಾಯಗಳಿಗೆ ಅನ್ವಯಿಸಿ ಕೆಲವನ್ನು ಪೂರ್ತಿ ಕೈಬಿಡುವ ಪದ್ಧತಿ ವಿದ್ಯಾರ್ಥಿಗಳಲ್ಲಿ ಜನಪ್ರಿಯವಾಗಿದೆ. ಕಡಿಮೆ ಹೊತ್ತು ಕೊಡುವುದು ಸರಿ, ಕೈಬಿಡುವುದು ಸರಿಯಲ್ಲ. ಕಡ್ಡಾಯವಾದ ಮೊದಲ ಪ್ರಶ್ನೆ ಬಿಟ್ಟ ಅಧ್ಯಾಯದಿಂದಲೇ ಬಂದರೆ 40ರ ಬಾಗಿಲು ಕಿರಿದಾಗುತ್ತದೆ.

ತೆರಿಗೆ ಮತ್ತು ಕಾನೂನಿನ ಪತ್ರಿಕೆಗಳಲ್ಲಿ ಕಳೆದ ವರ್ಷದ ಪುಸ್ತಕ ಈ ವರ್ಷಕ್ಕೆ ಆಗುವುದಿಲ್ಲ. ಪರೀಕ್ಷೆಗೆ ಸುಮಾರು ಆರು ತಿಂಗಳ ಹಿಂದಿನವರೆಗಿನ ತಿದ್ದುಪಡಿಗಳು ಸಾಮಾನ್ಯವಾಗಿ ಅನ್ವಯವಾಗುತ್ತವೆ, ಯಾವ ಪರೀಕ್ಷೆಗೆ ಯಾವುದು ಎಂಬುದನ್ನು ಸಂಸ್ಥೆ ಮುಂಚಿತವಾಗಿ ಪ್ರಕಟಿಸುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗದಲ್ಲಿ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬರುವುದರೊಂದಿಗೆ, ಅಣ್ಣನ ಪುಸ್ತಕ ತಮ್ಮನಿಗೆ ಎಂಬ ಉಳಿತಾಯ ಇನ್ನಷ್ಟು ದುಬಾರಿಯಾಗಿದೆ. ಕಲಮುಗಳ ಸಂಖ್ಯೆಗಳೇ ಬದಲಾಗಿವೆ.

ಫೈನಲ್ ಬೇರೆ ಬಗೆಯ ಪರೀಕ್ಷೆ. ಆರ್ಟಿಕಲ್‌ಶಿಪ್ಪಿನಲ್ಲಿ ಜಿಎಸ್‌ಟಿ ರಿಟರ್ನ್ ತುಂಬಿ, ಸ್ಟಾಕ್ ಎಣಿಸಿ, ವೋಚರುಗಳನ್ನು ಬಿಲ್ಲುಗಳೊಂದಿಗೆ ತಾಳೆ ನೋಡಿ ಬಂದವರಿಗೆ ಲೆಕ್ಕಪರಿಶೋಧನೆಯ ಪತ್ರಿಕೆ ಪುಸ್ತಕದ ಮಾತಾಗಿ ಉಳಿದಿರುವುದಿಲ್ಲ. ಬ್ಯಾಂಕಿನಿಂದಲೋ ಗಿರಾಕಿಯಿಂದಲೋ ಬಾಕಿಯ ದೃಢೀಕರಣವನ್ನು ಕಂಪನಿಯ ಕೈಗೆ ಹೋಗದಂತೆ ಲೆಕ್ಕಪರಿಶೋಧಕರೇ ನೇರವಾಗಿ ಏಕೆ ತರಿಸಿಕೊಳ್ಳಬೇಕು ಎಂದು ಎಸ್‌ಎ 505 ಎಂಬ ಲೆಕ್ಕಪರಿಶೋಧನಾ ಮಾನದಂಡ ಹೇಳುವುದು, ಅಂಥ ಪತ್ರವನ್ನು ಸ್ವತಃ ಅಂಚೆಗೆ ಹಾಕಿದವರಿಗೆ ಮರೆಯುವುದಿಲ್ಲ. ಹೊಸ ಕ್ರಮದಲ್ಲಿ ಆರ್ಟಿಕಲ್‌ಶಿಪ್ ಮುಗಿದ ನಂತರದ ಆರು ತಿಂಗಳು ಓದಿಗೆಂದೇ ಸಿಗುವುದರಿಂದ ರಜೆ ವರ್ಷಕ್ಕೆ 12 ದಿನಕ್ಕೆ ಇಳಿದಿದೆ. ಕೊನೆಯ ಪತ್ರಿಕೆಯಾದ ಇಂಟಿಗ್ರೇಟೆಡ್ ಬಿಸಿನೆಸ್ ಸೊಲ್ಯೂಷನ್ಸ್‌ಗೆ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. ಇದನ್ನು ಸುಲಭವೆಂದು ಭಾವಿಸಿ ಚೀಲ ತುಂಬ ಪುಸ್ತಕ ಹೊತ್ತು ಹೋದವರು ಪುಟ ಹುಡುಕುವುದರಲ್ಲಿಯೇ ಹೊತ್ತು ಕಳೆಯುತ್ತಾರೆ. ಎಲ್ಲಿದೆ ಎಂದು ಗೊತ್ತಿರುವವರಿಗೆ ಮಾತ್ರ ತೆರೆದ ಪುಸ್ತಕದಿಂದ ಲಾಭ.

ಸಂಸ್ಥೆಯ ಲಾಂಛನದ ಮೇಲೆ ಕಠೋಪನಿಷತ್ತಿನ ಸಾಲೊಂದಿದೆ: ‘ಯ ಏಷ ಸುಪ್ತೇಷು ಜಾಗರ್ತಿ’, ಮಲಗಿದವರ ನಡುವೆ ಎಚ್ಚರವಾಗಿರುವವನು. ಇದನ್ನು ವಿದ್ಯಾರ್ಥಿಗಳು ಅಕ್ಷರಶಃ ಪಾಲಿಸಿ ಪರೀಕ್ಷೆಯ ಹಿಂದಿನ ರಾತ್ರಿ ಬೆಳಗಿನ ನಾಲ್ಕರವರೆಗೆ ಕೂರುತ್ತಾರೆ, ಮತ್ತು ಮರುದಿನ ಸಂಜೆ ನಾಲ್ಕಕ್ಕೆ ಅದೇ ನಿದ್ದೆ ಪರೀಕ್ಷಾ ಕೊಠಡಿಗೆ ಬರುತ್ತದೆ. ಉಪನಿಷತ್ತಿನ ಎಚ್ಚರ ಆ ಬಗೆಯದಲ್ಲ.

ಫಲಿತಾಂಶ ಬಂದ ಮೇಲೆ ಅಂಕಗಳಲ್ಲಿ ಅನುಮಾನವಿದ್ದರೆ 30 ದಿನಗಳೊಳಗೆ ಪರಿಶೀಲನೆಗೆ ಅರ್ಜಿ ಹಾಕಬಹುದು. ಅಲ್ಲಿ ನೋಡುವುದು ಕೂಡಿಕೆ ಸರಿಯಿದೆಯೇ, ಯಾವುದಾದರೂ ಉತ್ತರ ಮೌಲ್ಯಮಾಪನವಾಗದೆ ಉಳಿದಿದೆಯೇ ಎಂಬುದನ್ನಷ್ಟೇ, ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲ. ಆದರೆ ಇನ್ನೊಂದು ದಾರಿಯಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಪರೀಕ್ಷಾರ್ಥಿಗೆ ತನ್ನ ಮೌಲ್ಯಮಾಪನಗೊಂಡ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಇದೆಯೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ, ಮತ್ತು ಐಸಿಎಐ ಕೂಡ ಉತ್ತರಪತ್ರಿಕೆಯ ಪ್ರತಿಯನ್ನು ಕೇಳಿದವರಿಗೆ ಕೊಡುತ್ತದೆ. 48, 50, 50ಕ್ಕೆ ನಿಂತವರು ಆ ಪ್ರತಿಯನ್ನು ತರಿಸಿ, ಸೂಚಿತ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು, ಪ್ರತಿ ಪ್ರಶ್ನೆಯ ಮುಂದೆ ಅಂಕ ಎಲ್ಲಿ ಹೋಯಿತೆಂದು ಬರೆಯುತ್ತಾ ಹೋಗಬೇಕು: ಕಲಮು ಬರೆಯಲಿಲ್ಲ, ವರ್ಕಿಂಗ್ ನೋಟ್ ಇಲ್ಲ, ತೀರ್ಮಾನ ಇಲ್ಲ, ಸಮಯವಾಗಲಿಲ್ಲ, ಗೊತ್ತಿರಲಿಲ್ಲ. ಆ ಪಟ್ಟಿಯಲ್ಲಿ ‘ಗೊತ್ತಿರಲಿಲ್ಲ’ ಎಂಬುದು ಎಷ್ಟು ಕಡೆ ಬರುತ್ತದೆ ಎಂಬುದರ ಮೇಲೆ ಮುಂದಿನ ನಾಲ್ಕು ತಿಂಗಳಲ್ಲಿ ಓದಿಗೆ ಎಷ್ಟು, ಬರವಣಿಗೆಗೆ ಎಷ್ಟು ಎಂಬುದನ್ನು ಹಂಚಿಕೊಳ್ಳಬಹುದು.